ಕೊಳೆ ಯಾವುದು ನೋಡಿ, ಆಮೇಲೆ ಬಾಟಲಿ ತೆಗೆಯಿರಿ

(ದೃಶ್ಯ: ಶಿರಸಿ ಹತ್ತಿರದ ಒಂದು ಮನೆಯ ಬಚ್ಚಲು. ಗೋಡೆಗೂಡಿನಲ್ಲಿ ಟಾಯ್ಲೆಟ್ ಕ್ಲೀನರ್, ಬ್ಲೀಚ್, ಫಿನಾಯಿಲ್, ಆಸಿಡ್ ಬಾಟಲಿಗಳು ಒತ್ತೊತ್ತಾಗಿ ನಿಂತಿವೆ.)

ನಮಸ್ಕಾರ. ಈ ಗೂಡಿನಲ್ಲಿರುವ ಎರಡು ಬಾಟಲಿಗಳನ್ನು ಮೊದಲು ಬೇರೆ ಬೇರೆ ಕಡೆ ಇಡೋಣ. ಒಂದು ಟಾಯ್ಲೆಟ್ ಕ್ಲೀನರ್, ಇನ್ನೊಂದು ಬ್ಲೀಚ್.

ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಸುಮಾರು 10 ಪರ್ಸೆಂಟ್. ಬ್ಲೀಚ್‌ನಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಹುಟ್ಟುತ್ತದೆ. 1915ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ, ಬೆಲ್ಜಿಯಂನಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಗ್ಯಾಸ್. ಎರಡೂ ಹಾಕಿದರೆ ಜಾಸ್ತಿ ಬೆಳ್ಳಗಾಗುತ್ತದೆ ಅಂತ ಅಂದುಕೊಳ್ಳುವವರು ಇದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲ ಕಿಟಕಿ ಮುಚ್ಚೇ ಇರುತ್ತದೆ. ಅಂಥ ಸಣ್ಣ ಜಾಗದಲ್ಲಿ ಬಗ್ಗಿ ನಿಂತು ಉಜ್ಜುವಾಗ ಈ ಗ್ಯಾಸ್ ನೇರ ಮೂಗಿಗೆ ಬರುತ್ತದೆ. ಎದೆ ಉರಿ, ಕೆಮ್ಮು, ಉಸಿರು ಕಟ್ಟುವುದು ಶುರುವಾಗುತ್ತದೆ.

ಬ್ಲೀಚಿಂಗ್ ಪೌಡರಿಗೂ ಇದೇ ಮಾತು. ನಿಂಬೆಹಣ್ಣು, ವಿನೆಗರ್ ಕೂಡ ಹುಳಿಯೇ, ಅಂದರೆ ಆಸಿಡ್ಡೇ ಅಲ್ವಾ? ಹಾಗಾಗಿ ಅವನ್ನೂ ಬ್ಲೀಚ್ ಜೊತೆ ಸೇರಿಸಬಾರದು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿಸಿದರೆ ಕ್ಲೋರಮಿನ್ ಅನ್ನುವ ಇನ್ನೊಂದು ವಿಷಗಾಳಿ ಬರುತ್ತದೆ.

(ತೆರೆಯ ಮೇಲೆ ಬರಹ: ಬ್ಲೀಚ್ ಜೊತೆ ನೀರು ಮಾತ್ರ. ಬೇರೆ ಏನೂ ಬೇಡ.)

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಬಾಟಲಿ ತೆಗೆಯುವ ಮೊದಲು ಕೊಳೆ ಯಾವುದು ಅಂತ ನೋಡಿ. ಜಿಡ್ಡಿಗೆ ಬೇಕಾದದ್ದು ಕ್ಷಾರ, ಅಂದರೆ ಬೂದಿ, ಸೋಡಾದಂಥದ್ದು. ಕಿಲುಬಿಗೆ, ತುಕ್ಕಿನ ಕಲೆಗೆ ಬೇಕಾದದ್ದು ಹುಳಿ. ರೋಗಾಣು ಸಾಯಬೇಕಾದಲ್ಲಿ ಮಾತ್ರ ಬ್ಲೀಚ್. ಮೊದಲಿನ ಎರಡೂ ನಮ್ಮ ಅಡಿಗೆಮನೆಯಲ್ಲೇ ಇವೆ.

(ದೃಶ್ಯ: ಹಿತ್ತಲ ಕಲ್ಲಿನ ಮೇಲೆ ಹಪ್ಪಳ ಕರಿದ ಕಬ್ಬಿಣದ ಬಾಣಲೆ. ಪಕ್ಕದಲ್ಲಿ ಜರಡಿ, ಬೂದಿ, ತೆಂಗಿನ ನಾರು.)

ಇದು ಬಚ್ಚಲ ಒಲೆಯ ಬೂದಿ. ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿದದ್ದು. ಇದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಕ್ಷಾರ. ಬೂದಿಗೆ ಸ್ವಲ್ಪ ಬಿಸಿನೀರು ಹಾಕಿ ಜಿಡ್ಡಿನ ಮೇಲೆ ಉಜ್ಜಿದಾಗ ಬೆರಳ ನಡುವೆ ನುಣುಪು ನುಣುಪಾಗಿ ಜಾರುತ್ತದೆ. ಅದು ಎಣ್ಣೆಯ ಒಂದಿಷ್ಟು ಭಾಗ ಅಲ್ಲೇ ಸೋಪಾಗುತ್ತಿರುವ ಗುರುತು. ಇನ್ನುಳಿದ ಎಣ್ಣೆಯನ್ನು ಬೂದಿಯ ಪುಡಿ ಹೀರಿಕೊಳ್ಳುತ್ತದೆ. ಆಮೇಲೆ ತಣ್ಣೀರು ಸುರಿದರೂ ಸಾಕು.

ಈ ಮನೆಯ ಅಕ್ಕ ಪಾತ್ರೆ ತೋರಿಸುವಾಗ ಒಂದು ಮಾತು ಹೇಳಿದರು: "ಜರಡಿ ಹಿಡೀದೇ ಬೂದಿ ಹಚ್ಚಡ ತಂಗಿ, ಗೀರು ಬೀಳ್ತು." ಹೌದು, ಬೂದಿಯಲ್ಲಿ ಮರಳು, ಇದ್ದಿಲ ಚೂರು ಇರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಗೀರು ಎದ್ದು ಕಾಣುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬೂದಿಯೂ ಬೇಡ, ಸೋಡಾವೂ ಬೇಡ, ಎರಡೂ ಲೋಹವನ್ನೇ ತಿನ್ನುತ್ತವೆ. ಹಾಲಿನ ಪ್ಯಾಕೆಟ್, ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನು ಊಟದ ಪಾತ್ರೆಗೆ ಖಂಡಿತ ಮುಟ್ಟಿಸಬೇಡಿ. ಕೈಗೆ ಗಾಯ ಇದ್ದರೆ ಉರಿಯುತ್ತದೆ, ಅದೂ ನೆನಪಿರಲಿ.

ಕಾರವಾರದ ಫ್ಲ್ಯಾಟಿನಲ್ಲಿ ಬೂದಿ ಎಲ್ಲಿಂದ ತರುವುದು? ಬಟ್ಟೆ ಸೋಡಾ ತನ್ನಿ, ವಾಷಿಂಗ್ ಸೋಡಾ ಅಂತಲೂ ಕೇಳಬಹುದು. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ. ಗ್ಯಾಸ್ ಕಟ್ಟೆ, ಎಕ್ಸಾಸ್ಟ್ ಫ್ಯಾನಿನ ಅಂಟುಜಿಡ್ಡು ಇದಕ್ಕೆ ಬಿಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ.

(ದೃಶ್ಯ: ಹಿತ್ತಾಳೆ ದೀಪ, ಅಂಚಿನಲ್ಲಿ ಹಸಿರು ಕಿಲುಬು. ಹುಣಸೆಹಣ್ಣು, ಕಲ್ಲುಪ್ಪು.)

ಈಗ ಹುಳಿ. ತಾಮ್ರ, ಹಿತ್ತಾಳೆ ಕಪ್ಪಾಗುವುದು, ಕಿಲುಬು ಕಟ್ಟುವುದು ಯಾಕೆ? ಗಾಳಿ, ತೇವ ಸೇರಿ ಮೇಲೆ ತಾಮ್ರದ ಆಕ್ಸೈಡ್, ಕಾರ್ಬೊನೇಟ್ ಪದರ ಬೆಳೆಯುತ್ತದೆ. ಕರಾವಳಿಯ ಉಪ್ಪುಗಾಳಿಗೆ ಇನ್ನೂ ಬೇಗ. ಹುಣಸೆಹಣ್ಣಿನ ಟಾರ್ಟಾರಿಕ್ ಆಸಿಡ್ ಆ ಪದರವನ್ನು ಕರಗಿಸುತ್ತದೆ, ಉಪ್ಪು ಆ ಕೆಲಸಕ್ಕೆ ವೇಗ ಕೊಡುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಇದ್ದರೆ ಅದನ್ನೇ ಹಾಕಿ, ಹರಳು ದಪ್ಪ ಇರುವುದರಿಂದ ಉಜ್ಜಲಿಕ್ಕೂ ಚೆನ್ನ. ಸಾರು ಮಾಡಿ ಮಿಕ್ಕ ಮುರುಗಲ, ಅಂದರೆ ಕೋಕಂ, ಸಿಪ್ಪೆಯೂ ಆಗುತ್ತದೆ. ಉಜ್ಜಿದ ಮೇಲೆ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಹುಳಿ, ಉಪ್ಪು ಉಳಿದರೆ ನಾಳೆಯೇ ಮತ್ತೆ ಕಪ್ಪು.

ಬಕೆಟ್‌ನಲ್ಲಿ, ಬಚ್ಚಲ ಟೈಲ್ಸಿನಲ್ಲಿ ಕಂದು ಕಲೆ ಕೂರುತ್ತದಲ್ಲ, ಅದು ಬೋರ್‌ವೆಲ್ ನೀರಿನ ಕಬ್ಬಿಣ ಇರಬಹುದು. ಸುಮಾರು ಜನ ಅದಕ್ಕೆ ಬ್ಲೀಚ್ ಸುರಿಯುತ್ತಾರೆ. ಬ್ಲೀಚ್ ತಾಗಿದರೆ ಕಬ್ಬಿಣ ಇನ್ನಷ್ಟು ತುಕ್ಕಾಗಿ ಕಲೆ ಗಟ್ಟಿಯಾಗುತ್ತದೆ. ಬಿಳಿ ಬಟ್ಟೆ ಹಳದಿಗೆ ತಿರುಗುವುದೂ ಎಷ್ಟೋ ಸಲ ಹೀಗೆ. ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಡಿ, ಅಥವಾ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿಯನ್ನು, ಅಂದರೆ ನಿಂಬೆ ಉಪ್ಪನ್ನು, ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಆದರೆ ಹುಳಿ ಸುಣ್ಣವನ್ನೂ ಸಿಮೆಂಟನ್ನೂ ತಿನ್ನುತ್ತದೆ. ಹಳೇ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ನಿಂಬೆಯೂ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಒಂದು ಸಲ ಹೊಳಪು ಹೋದರೆ ಆ ನೆಲ ಮತ್ತೆ ಮೊದಲಿನಂತೆ ಆಗುವುದಿಲ್ಲ, ಅಂಥ ನೆಲ ಹಾಕುವ ಕೈಗಳೂ ಈಗ ಕಡಿಮೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ವಿಡಿಯೋಗಳು ತುಂಬಾ ಓಡುತ್ತಿವೆ. ನೊರೆ ಅಂದರೆ ಕಾರ್ಬನ್ ಡೈಆಕ್ಸೈಡ್. ಕ್ಷಾರ, ಹುಳಿ ಎರಡೂ ಒಂದನ್ನೊಂದು ಕೊಂದು, ಕೊನೆಗೆ ಉಳಿಯುವುದು ಬರೀ ಉಪ್ಪುನೀರಿನಂಥ ದ್ರವ. ಸೋಡಾವನ್ನು ಜಿಡ್ಡಿಗೆ, ವಿನೆಗರನ್ನು ಕಲೆಗೆ ಬೇರೆ ಬೇರೆ ಬಳಸಿದರೆ ಎರಡಕ್ಕೂ ಬೆಲೆ. ಸೇರಿಸಿದರೆ ಸುಮ್ನೆ ದಂಡ.

(ದೃಶ್ಯ: ಕಾರವಾರದ ಅಡಿಗೆಮನೆ. ಬಂಗಡೆ ಕೊಯ್ದ ಮರದ ಹಲಗೆ.)

ಮೀನಿನ ವಾಸನೆಗೆ ಕಾರಣ ಟ್ರೈಮೀಥೈಲಮೀನ್ ಅನ್ನುವ ಕ್ಷಾರ. ಹಲಗೆಯನ್ನು ಮೊದಲು ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರು ಹಾಕಿದರೆ ರಕ್ತ, ಲೋಳೆ ಮರಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಸೋಪು. ಕೊನೆಗೆ ಉಪ್ಪು ಹಾಕಿ ನಿಂಬೆ ಹೋಳಿನಿಂದ ಉಜ್ಜಿದರೆ ವಾಸನೆ ಹೋಗುತ್ತದೆ. ಮುರುಗಲು ಮರಕ್ಕೆ ಬಣ್ಣ ಹಿಡಿಸುತ್ತದೆ, ಇಲ್ಲಿ ಅದು ಬೇಡ.

ನೆಲಕ್ಕೆ, ರೇಷ್ಮೆ ಸೀರೆಗೆ, ಒಡವೆಗೆ ಅಂಟುವಾಳಕಾಯಿ. ಶಿರಸಿಯ ಮಂಗಳವಾರದ ಸಂತೆಯಲ್ಲಿ ವಿಚಾರಿಸಿ. ಬೀಜ ತೆಗೆದ ಹತ್ತು ಹನ್ನೆರಡು ಸಿಪ್ಪೆ ರಾತ್ರಿ ನೆನೆಸಿ, ಒಂದು ಲೀಟರ್ ನೀರಲ್ಲಿ ಕುದಿಸಿ ಸೋಸಿ. ಎರಡು ಮೂರು ದಿನದಲ್ಲಿ ಬಳಸಿ ಮುಗಿಸಿ, ಇಟ್ಟರೆ ಹುಳಿತು ಹೋಗುತ್ತದೆ. ಇದರ ನೊರೆಗೆ ಕಾರಣ ಸಿಪ್ಪೆಯಲ್ಲಿರುವ ಸಪೋನಿನ್ ಅನ್ನುವ ಅಂಶ. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮೀನಿಗೂ ಅದು ವಿಷ, ಅದಕ್ಕೇ ಗಟ್ಟಿ ಕಷಾಯವನ್ನು ಹಳ್ಳಕ್ಕೆ, ಕೆರೆಗೆ ಚೆಲ್ಲಬೇಡಿ. ಗಿಡದಿಂದ ಬಂದದ್ದೆಲ್ಲ ನಿರಪಾಯ ಅಂತ ತಿಳಿಯಬಾರದು.

ಬಯೋ ಎಂಜೈಮ್ ಬಗ್ಗೆ ಬಹಳ ಜನ ಕೇಳುತ್ತಾರೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಅಥವಾ ಕಂಚಿಕಾಯಿ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕೊಳೆಸುವುದು. ಜೋನಿಬೆಲ್ಲ, ಅಂದರೆ ದ್ರವರೂಪದ ಬೆಲ್ಲವೂ ನಡೆಯುತ್ತದೆ. ಪ್ಲಾಸ್ಟಿಕ್ ಡಬ್ಬವೇ ಇರಲಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ಗಾಜಿನ ಬಾಟಲಿ ಒಡೆದು ಸಿಡಿಯಬಹುದು. ನೆಲ ಒರೆಸಲಿಕ್ಕೆ ಒಳ್ಳೆಯದೇ. ಆದರೆ ಅದು ಹೆಚ್ಚುಕಡಿಮೆ ತೆಳು ವಿನೆಗರ್, ರೋಗಾಣು ಕೊಲ್ಲುತ್ತದೆ ಅಂತ ನಂಬಿ ಕೂರಬೇಡಿ.

(ದೃಶ್ಯ: ನೆರೆ ಇಳಿದ ಮೇಲೆ ಕೆಸರು ಹಿಡಿದ ಮನೆಯ ಗೋಡೆ.)

2019ರ ಆಗಸ್ಟ್‌ನಲ್ಲಿ ಗಂಗಾವಳಿ ನದಿ ಉಕ್ಕಿ ಅಂಕೋಲಾ ಕಡೆಯ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು, ಕಕ್ಕಸುಗುಂಡಿಯ ಕೊಳೆ ಇರಬಹುದು. ಆಗ ಬ್ಲೀಚ್ ಬೇಕೇ ಬೇಕು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಆಗಿದ್ದರೂ ಅಷ್ಟೆ. ಮೊದಲು ಸೋಪುನೀರಿನಿಂದ ಕೆಸರು ತೊಳೆಯಿರಿ, ಕೊಳೆಯ ಮೇಲೆ ಹಾಕಿದ ಬ್ಲೀಚ್ ವ್ಯರ್ಥ. ಆಮೇಲೆ 5 ಪರ್ಸೆಂಟಿನ ಬ್ಲೀಚ್ ಆದರೆ ಒಂದು ಲೀಟರ್ ತಣ್ಣೀರಿಗೆ 20 ಮಿಲಿಲೀಟರ್ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ಬಾಗಿಲು ತೆರೆದಿರಲಿ. ದಿನಾ ಕಕ್ಕಸಿಗೆ ಫಿನಾಯಿಲ್, ಬ್ಲೀಚ್ ಸುರಿಯುವ ರೂಢಿ ಮಾತ್ರ ಬಿಡಿ, ಗುಂಡಿಯಲ್ಲಿ ಮಲ ಕೊಳೆಸುವ ಬ್ಯಾಕ್ಟೀರಿಯಾ ಸತ್ತರೆ ಗುಂಡಿ ಬೇಗ ತುಂಬುತ್ತದೆ.

ಕೊನೆಯದಾಗಿ, ನನಗೆ ತುಂಬಾ ಭಯ ಇರುವ ವಿಷಯ. ಆಸಿಡ್, ಫಿನಾಯಿಲ್, ಸೀಮೆಎಣ್ಣೆಯನ್ನು ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ತುಂಬಿಡುವುದು. ಮಗು ಬಾಯಾರಿ ಬಂದು ಎತ್ತಿ ಕುಡಿಯುತ್ತದೆ, ದೊಡ್ಡವರೂ ಕತ್ತಲಲ್ಲಿ ಕುಡಿದುಬಿಡುತ್ತಾರೆ. ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಪಾಡು ಹಾಕಿದೆ. ಕೊಳ್ಳುವವರು ಗುರುತಿನ ಚೀಟಿ ತೋರಿಸಬೇಕು, 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಮನೆಗೆ ಬಂದ ಮೇಲೆ ಕಾಯುವವರು ನಾವೇ. ಲೇಬಲ್ ಇರುವ ಬಾಟಲಿಯಲ್ಲೇ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ.

ಮೈಗೆ ಬಿದ್ದರೆ ಬಟ್ಟೆ ತೆಗೆದು, ಇಪ್ಪತ್ತು ನಿಮಿಷ ಹರಿಯುವ ನೀರು ಬಿಡಿ. ಗ್ಯಾಸ್ ಎದ್ದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಸುಟ್ಟ ಗಂಟಲು ಎರಡನೇ ಸಲ ಸುಡುತ್ತದೆ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗುವಾಗ ಆ ಬಾಟಲಿಯನ್ನೂ ಒಯ್ಯಿರಿ. ಡಾಕ್ಟರಿಗೆ ಲೇಬಲ್ ಬೇಕಾಗುತ್ತದೆ.