ರಾತ್ರಿ ಪಾಳಿಯ ಸಿಗರೇಟು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಎದೆರೋಗದ ಡಾಕ್ಟರು. ಇವತ್ತಿನ ಮಾತು ಆಸ್ಪತ್ರೆಯಲ್ಲಿ ದುಡಿಯುವ ನನ್ನ ಜೊತೆಯವರಿಗೆ. ನೈಟ್ ಡ್ಯೂಟಿ ಮುಗಿಸಿ ಈಗ ತಾನೇ ಮನೆಗೆ ಬಂದ ಬ್ರದರ್, ವಾರ್ಡ್ ಬಾಯ್, ಆಂಬುಲೆನ್ಸ್ ಡ್ರೈವರ್, ಕಿರಿಯ ಡಾಕ್ಟರ್, ಸ್ವಲ್ಪ ಕೇಳಿ.

ಯಾಕೆ ಸೇದುತ್ತೀರಿ ಅಂದರೆ ಎಲ್ಲರದೂ ಒಂದೇ ಉತ್ತರ. 'ಟೆನ್ಶನ್ ರೀ ಸರ್, ಒಂದು ಸೇದಿದ್ರ ಹಗುರಾಗತೈತಿ.' ಹಗುರಾಗುವುದು ಸುಳ್ಳಲ್ಲ. ಆದರೆ ಆ ಟೆನ್ಶನ್ ಬಂದದ್ದು ಎಲ್ಲಿಂದ? ಹೊಗೆ ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್, ಅಂದರೆ ತಂಬಾಕಿನಲ್ಲಿರುವ ಚಟ ಹಿಡಿಸುವ ವಸ್ತು, ಮಿದುಳು ಮುಟ್ಟುತ್ತದೆ. ಸುಮಾರು ಎರಡು ತಾಸಿಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಟ್ಟು ಶುರು. ಇನ್ನೊಂದು ಸೇದಿದರೆ ಇಳಿಯುತ್ತದೆ. ಸಿಗರೇಟು ಹುಟ್ಟಿಸಿದ ಟೆನ್ಶನ್ ಸಿಗರೇಟಿನಿಂದಲೇ ಇಳಿಯಿತು. ವಾರ್ಡಿನ ಟೆನ್ಶನ್ ಇದ್ದಲ್ಲೇ ಇದೆ, ಅಲ್ವಾ?

ನಾನೂ ಸೇದುತ್ತಿದ್ದೆ. ಆಗಿನ್ನೂ ಕಿರಿಯ ಡಾಕ್ಟರು. ಶಿಗ್ಗಾವಿ ಕಡೆಯ ಒಬ್ಬ ಅಜ್ಜಾರು ನಮ್ಮ ವಾರ್ಡಿನಲ್ಲಿದ್ದರು. ಬೀಡಿ ಸೇದಿ ಸೇದಿ ಪುಪ್ಪುಸ ಕೆಟ್ಟಿತ್ತು, ನಾಲ್ಕು ಹೆಜ್ಜೆ ಇಟ್ಟರೆ ದಮ್ಮು ಹತ್ತುತ್ತಿತ್ತು. ದಿನಾ ಬೆಳಗ್ಗೆ 'ಅಜ್ಜಾರ, ಬೀಡಿ ಬಿಡ್ರಿ' ಅನ್ನುತ್ತಿದ್ದೆ. ಒಂದು ನಸುಕಿನಲ್ಲಿ ಗೇಟಿನ ಹೊರಗಿನ ಅಂಗಡಿಯಲ್ಲಿ ಚಹಾ ಕುಡಿದು, ಸಿಗರೇಟು ಸೇದಿ ಬಂದೆ. ಅವರ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟೆ. ಅಜ್ಜಾರು ನಿಧಾನಕ್ಕೆ ತಿರುಗಿ, 'ಸಾಹೇಬ್ರ, ನೀವು ಬಿಟ್ಟ ದಿವಸ ನಾನೂ ಬಿಡತೇನ್ರಿ' ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಪಕ್ಕದಲ್ಲಿದ್ದ ಸೊಸೆ ತಲೆ ತಗ್ಗಿಸಿದಳು.

ಅವತ್ತೇ ಬಿಟ್ಟೆ. ಮೊದಲ ಮೂರು ದಿನ ಬಹಳ ಕಷ್ಟ. ನಿದ್ದೆ ಇಲ್ಲ. ಸಿಸ್ಟರ್ ಮೇಲೆ ಸುಮ್ನೆ ರೇಗಿದೆ, ಆಮೇಲೆ ಕ್ಷಮೆ ಕೇಳಿದೆ. ಏಪ್ರನ್ ಜೇಬಿನಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಓಡಾಡಿದೆ. ದಿನಾ ಅಜ್ಜಾರಿಗೆ ಲೆಕ್ಕ ಒಪ್ಪಿಸುತ್ತಿದ್ದೆ. ಆರನೆಯ ದಿನ ಅವರೇ, 'ನಂದೂ ಮೂರು ದಿವಸ ಆತ್ರಿ' ಅಂದರು. ಮನೆಗೆ ಹೋಗುವಾಗ ಅರ್ಧ ಖಾಲಿಯಾದ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಎರಡನ್ನೂ ನನ್ನ ಕೈಗೆ ಕೊಟ್ಟರು.

ಟೈಮ್ ಆಗುತ್ತಾ ಬಂತು. 1951ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅಲ್ಲಿನ ಸುಮಾರು 40,000 ಡಾಕ್ಟರುಗಳ ಸಿಗರೇಟಿನ ಲೆಕ್ಕ ಬರೆದಿಟ್ಟರು. 50 ವರ್ಷದ ಲೆಕ್ಕ ಏನು ಹೇಳಿತು ಗೊತ್ತಾ? ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತರು. 30ನೇ ವಯಸ್ಸಿಗೆ ಬಿಟ್ಟವರಿಗೆ ಹೆಚ್ಚುಕಮ್ಮಿ ಆ ಹತ್ತೂ ವರ್ಷ ಉಳಿದವು. 50ಕ್ಕೆ ಬಿಟ್ಟವರಿಗೂ 6 ವರ್ಷ ಉಳಿದವು. ಇವರೆಲ್ಲ ನಮ್ಮ ಹಾಗೆ ಪೇಷಂಟ್ ನೋಡುತ್ತಿದ್ದವರೇ.

ಸೇದಬೇಕು ಅನ್ನಿಸಿದಾಗ ಐದು ನಿಮಿಷ ತಡೆಯಿರಿ, ಆ ಸೆಳೆತ ಇಳಿಯುತ್ತದೆ. ತಡೆಯಲಾಗದಿದ್ದರೆ ನಿಕೋಟಿನ್ ಗಮ್ ಇದೆ. ನಿಧಾನ ಅಗಿದು ದವಡೆಯಲ್ಲಿಟ್ಟುಕೊಳ್ಳಿ, ಜೊತೆಗೆ ಚಹಾ ಬೇಡ. ದಯವಿಟ್ಟು ಗುಟ್ಕಾ ಹಾಕಿಕೊಂಡು 'ಸಿಗರೇಟು ಬಿಟ್ಟೆ ಸರ್' ಅನ್ನಬೇಡಿ. ಅದರಲ್ಲೂ ಅದೇ ನಿಕೋಟಿನ್. ಎಷ್ಟು ಸಲ ಹೇಳಲಿ!

ಒಬ್ಬರಿಗೇ ಆಗದಿದ್ದರೆ ಸರ್ಕಾರದ ಉಚಿತ ಫೋನ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಪೆನ್ನು ತಗೊಳ್ಳಿ. 1800 11 2356. ಇನ್ನೊಮ್ಮೆ, 1800 11 2356. ನಮಸ್ಕಾರ.