ಸ್ಟೇರಿಂಗ್ ಹಿಡಿದವರಿಗೆ ಇಂಗ್ಲಿಷ್ ಪರೀಕ್ಷೆ ಬೇಕಾ?

ಸ್ನೇಹಿತರೇ, ನಮಸ್ಕಾರ. ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಮುಂಬೈಯ ಈ ಮಾಟುಂಗದವರೆಗೆ ಬಂದಿದ್ದೀರಿ. ಅರ್ಧ ಜನ ಟ್ಯಾಕ್ಸಿಯಲ್ಲೇ ಬಂದಿರಬೇಕು. ಹಾಗಾಗಿ ವಿಷಯ ಹೊಸದೇನಲ್ಲ. ಓಲಾ, ಊಬರ್, ಕಾಲಿ-ಪೀಲಿ ಅನ್ನುವ ಕಪ್ಪು-ಹಳದಿ ಟ್ಯಾಕ್ಸಿ, ರಿಕ್ಷಾ ಓಡಿಸುವವರು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಾ? ನಮ್ಮ ಕನ್ನಡ ಸಂಘದವರು ನನಗೆ ಕೊಟ್ಟ ಪ್ರಶ್ನೆ ಇದು.

ಮುಂಬೈಯಲ್ಲಿ ಇಂಗ್ಲಿಷ್ ಪರೀಕ್ಷೆ ಎಲ್ಲಿದೆ, ಇಲ್ಲಿ ಗಲಾಟೆಯೆಲ್ಲ ಮರಾಠಿಯದ್ದಲ್ವಾ ಅಂತ ನೀವು ಕೇಳಬಹುದು. ನಿಜ. ಅದಕ್ಕೂ ಬರುತ್ತೇನೆ. ಮೊದಲು, ಅಂಥ ಪರೀಕ್ಷೆ ತಂದ ಒಂದು ಊರಿಗೆ ಹೋಗಿ ಬರೋಣ.

ಲಂಡನ್ನಿನ ಸಾರಿಗೆಯನ್ನು ನೋಡಿಕೊಳ್ಳುವ ಸಂಸ್ಥೆ ಟಿಎಫ್‌ಎಲ್. ಖಾಸಗಿ ಬಾಡಿಗೆ ಕಾರಿನ ಚಾಲಕರಿಗೆಲ್ಲ ಇಂಗ್ಲಿಷ್ ಬರಬೇಕು ಅಂತ 2016ರಲ್ಲಿ ಅದು ನಿಯಮ ತಂದಿತು. ಬಿ1 ಅನ್ನುವ ಮಟ್ಟ. ಅಂದರೆ ಮಾತಾಡಬೇಕು, ಕೇಳಿ ತಿಳಿಯಬೇಕು, ಓದಬೇಕು, ಬರೆಯಲೂಬೇಕು. ಊಬರ್ ಕೋರ್ಟಿಗೆ ಹೋಯಿತು. ಚಾಲಕರಿಗೆ ಮಾತು ಬರಲಿ, ಅದಕ್ಕೆ ನಮ್ಮ ತಕರಾರಿಲ್ಲ, ಓದು-ಬರಹದ ಪರೀಕ್ಷೆ ಯಾಕೆ ಅನ್ನುವುದು ಅದರ ವಾದ. 2017ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್ ಊಬರ್ ವಿರುದ್ಧ ತೀರ್ಪು ಕೊಟ್ಟಿತು. ಈ ನಿಯಮದಿಂದ ಸುಮಾರು 33,000 ಚಾಲಕರು ಲೈಸೆನ್ಸ್ ಕಳೆದುಕೊಳ್ಳಬಹುದು ಅನ್ನುವ ಅಂದಾಜು ನ್ಯಾಯಮೂರ್ತಿಗಳ ಮುಂದೆಯೇ ಇತ್ತು. ಆದರೂ ಪ್ರಯಾಣಿಕರ ಸುರಕ್ಷತೆ ದೊಡ್ಡದು ಅಂದರು. ಆಮೇಲೆ ಗಡುವು ಮುಂದೆ ಮುಂದೆ ಹೋಯಿತು. 2021ರ ಅಕ್ಟೋಬರ್‌ನಿಂದ ಟಿಎಫ್‌ಎಲ್ ಸುರಕ್ಷತೆ ಮತ್ತು ನಿಯಮಗಳ ಬಗ್ಗೆ ತನ್ನದೇ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿತು.

ತಮಾಷೆ ನೋಡಿ. ಲಂಡನ್ ಪರೀಕ್ಷೆ ತಂದ ಅದೇ 2016ರಲ್ಲಿ ನ್ಯೂಯಾರ್ಕ್ ಪರೀಕ್ಷೆ ತೆಗೆದು ಹಾಕಿತು. ಅಲ್ಲಿ ಹಳದಿ ಟ್ಯಾಕ್ಸಿಯವರಿಗೆ ಇಂಗ್ಲಿಷ್ ಪರೀಕ್ಷೆ ಇತ್ತು, ಆ್ಯಪ್ ಕಾರಿನವರಿಗೆ ಇರಲಿಲ್ಲ. ಒಂದೇ ರಸ್ತೆ, ಒಂದೇ ಕೆಲಸ, ಎರಡು ಕಾನೂನು. ಕೊನೆಗೆ ಇಬ್ಬರಿಗೂ ಬೇಡ ಅಂತ ತೀರ್ಮಾನ ಮಾಡಿದರು. ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಚಾಲಕರು ಸಿಗುತ್ತಿಲ್ಲ ಅಂತ 2024ರಲ್ಲಿ ಟ್ಯಾಕ್ಸಿ ಲೈಸೆನ್ಸಿನ ಲಿಖಿತ ಪರೀಕ್ಷೆಯನ್ನೇ ಬೇರೆ ಬೇರೆ ಭಾಷೆಗಳಲ್ಲಿ ಬರೆಯಲು ದಾರಿ ಮಾಡಿಕೊಟ್ಟಿತು. ಜನ ಜಾಸ್ತಿ ಇದ್ದಾಗ ಭಾಷೆಯ ಗೇಟು ಹಾಕುತ್ತಾರೆ, ಜನ ಕಮ್ಮಿಯಾದಾಗ ಗೇಟು ತೆಗೆಯುತ್ತಾರೆ. ಸುರಕ್ಷತೆಯ ಮಾತು ಸುಳ್ಳು ಅನ್ನುತ್ತಿಲ್ಲ. ಆದರೆ ಲೆಕ್ಕಾಚಾರ ಅದೊಂದೇ ಅಲ್ಲ.

ಸುರಕ್ಷತೆಯ ವಾದವನ್ನು ನಾನು ಸುಮ್ನೆ ತಳ್ಳಿ ಹಾಕುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತ ಹುಡುಗಿ "ಇಲ್ಲೇ ನಿಲ್ಲಿಸಿ" ಅಂದರೆ ಚಾಲಕನಿಗೆ ಅರ್ಥವಾಗಲೇಬೇಕು. ಯಾರಿಗಾದರೂ ಎದೆನೋವು ಬಂದರೆ ಸಯನ್ ಆಸ್ಪತ್ರೆಗೋ ಪರೇಲಿನ ಕೆಇಎಂಗೋ ಅಂತ ಮಾತಾಡಿಕೊಳ್ಳುವಷ್ಟು ಭಾಷೆ ಬೇಕು. ಕಣ್ಣು ಕಾಣದವರು ಹತ್ತಿದರೆ ಗೇಟಿನವರೆಗೆ ಬಾಯಲ್ಲೇ ದಾರಿ ಹೇಳಬೇಕು. ಇವೆಲ್ಲ ನಿಜವಾದ ಅಗತ್ಯಗಳು. ಆದರೆ ಮುಂಬೈಯಲ್ಲಿ ಈ ಮಾತುಗಳೆಲ್ಲ ಯಾವ ಭಾಷೆಯಲ್ಲಿ ನಡೆಯುತ್ತವೆ? ನಮ್ಮ ಬಂಬೈಯಾ ಹಿಂದಿಯಲ್ಲಿ, ಮರಾಠಿಯಲ್ಲಿ. ಮಲಬಾರ್ ಹಿಲ್‌ನ ದೊಡ್ಡ ಮನುಷ್ಯ ಕೂಡ ಟ್ಯಾಕ್ಸಿ ಕಿಟಕಿಗೆ ಬಗ್ಗಿದಾಗ "ಖಾಲಿ ಹೈ ಕ್ಯಾ" ಅಂತಲೇ ಕೇಳುತ್ತಾನೆ. ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ ಪ್ರಯಾಣಿಕರು ಏರ್‌ಪೋರ್ಟಿನಲ್ಲಿ, ಕೊಲಾಬಾದಲ್ಲಿ ಸಿಗುತ್ತಾರೆ. ಅವರ ಕೈಯಲ್ಲಿ ಫೋನಿದೆ, ಫೋನಿನಲ್ಲಿ ಮ್ಯಾಪಿದೆ, ನಾಲ್ಕು ಅಂಕಿಯ ಓಟಿಪಿ ಇದೆ. ಅವರ ಸವಾರಿ ಮುಗಿದೇ ಹೋಗುತ್ತದೆ.

ಇನ್ನೊಂದು ಬಗೆಯ ಪ್ರಯಾಣಿಕರನ್ನು ನೋಡಿ. ಬೆಳಗ್ಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ. ಉಡುಪಿ ಕಡೆಯ ಅಜ್ಜಿಯೊಬ್ಬರು ಇಳಿಯುತ್ತಾರೆ. ಒಂದು ಕೈಯಲ್ಲಿ ಚೀಲ, ಅದರಲ್ಲಿ ಹಲಸಿನ ಹಪ್ಪಳ, ಉಪ್ಪಿನಕಾಯಿ ಬಾಟಲಿ. ಇನ್ನೊಂದು ಕೈಯಲ್ಲಿ ಮಗನ ವಿಳಾಸ ಬರೆದ ಚೀಟಿ, ಅದೂ ಕನ್ನಡದಲ್ಲಿ. ಹಿಂದಿ ಬಾರದು, ಇಂಗ್ಲಿಷ್ ಬಾರದು. ಹೊರಗೆ ಬಂದ ಕೂಡಲೇ ಹತ್ತು ಜನ ಚಾಲಕರು ಮುತ್ತಿಕೊಳ್ಳುತ್ತಾರೆ. ಆ ಹತ್ತು ಜನರೂ ಇಂಗ್ಲಿಷಿನಲ್ಲಿ ಫಸ್ಟ್ ಕ್ಲಾಸ್ ಬಂದಿದ್ದರೂ ಅಜ್ಜಿಗೆ ಏನು ಲಾಭ? ಅವರಲ್ಲಿ ಒಬ್ಬ ಅಜ್ಜಿಯ ಫೋನ್ ಕೇಳಿ ತೆಗೆದುಕೊಂಡು, ಮಗನ ನಂಬರಿಗೆ ಹಚ್ಚಿ, "ಭಾವೂ, ಮಾಂಜಿ ಆಲ್ಯಾ ಹೈತ್, ಕುಠೆ ಸೋಡೂ" (ಅಣ್ಣಾ, ಅಮ್ಮ ಬಂದಿದ್ದಾರೆ, ಎಲ್ಲಿ ಬಿಡಲಿ) ಅಂತ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಕೇಳಿದರೆ ಅಜ್ಜಿ ಮನೆ ಸೇರಿದ ಹಾಗೆಯೇ. ಇದನ್ನು ಯಾವ ಪರೀಕ್ಷೆಯಲ್ಲಿ ಅಳೆಯುತ್ತೀರಿ?

ಊರಿನ ಜ್ಞಾನ ಅಳೆಯುತ್ತೇವೆ ಅಂದರೆ ನಾನು ಎರಡೂ ಕೈ ಎತ್ತುತ್ತೇನೆ. ಲಂಡನ್ನಿನಲ್ಲೇ ಕಪ್ಪು ಟ್ಯಾಕ್ಸಿಯವರಿಗೆ 1865ರಿಂದ 'ನಾಲೆಜ್' ಅನ್ನುವ ಪರೀಕ್ಷೆ ಇದೆ. ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಪುಸ್ತಕದಲ್ಲಿ 320 ದಾರಿಗಳಿವೆ. ಚಾಲಕರಾಗಬೇಕು ಅನ್ನುವವರು ಸ್ಕೂಟರ್ ಹತ್ತಿ ವರ್ಷಗಟ್ಟಲೆ ಸುತ್ತಿ ಕಲಿಯುತ್ತಾರೆ. ಪರೀಕ್ಷಕ ಎದುರು ಕೂತು "ಇಲ್ಲಿಂದ ಅಲ್ಲಿಗೆ ಹೇಗೆ ಹೋಗುತ್ತೀ" ಅಂತ ಕೇಳುತ್ತಾನೆ, ಬಾಯಲ್ಲೇ ಹೇಳಬೇಕು. ಮಾತಿನ ಪರೀಕ್ಷೆ ಅದರೊಳಗೇ ಆಗಿಹೋಗುತ್ತದೆ.

ಮುಂಬೈಗೆ ಅಂಥದ್ದೊಂದು ಪರೀಕ್ಷೆ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ! ಪ್ರಯಾಣಿಕ ಪೆಡ್ಡರ್ ರೋಡ್ ಅನ್ನುತ್ತಾನೆ, ಬೋರ್ಡಿನಲ್ಲಿ ಡಾ. ಗೋಪಾಲರಾವ್ ದೇಶಮುಖ್ ಮಾರ್ಗ. ವಾರ್ಡನ್ ರೋಡ್ ಅಂದರೆ ಭೂಲಾಭಾಯಿ ದೇಸಾಯಿ ರಸ್ತೆ. ಎಲ್ಫಿನ್‌ಸ್ಟನ್ ಸ್ಟೇಷನ್ನು 2018ರಲ್ಲಿ ಪ್ರಭಾದೇವಿ ಆಯಿತು, ಬಾಯಿಗೆ ಮಾತ್ರ ಹಳೇ ಹೆಸರೇ ಬರುತ್ತದೆ. ಸಿಎಸ್‌ಎಂಟಿ ಸ್ಟೇಷನ್ನಿಗೆ ಈಗಲೂ ವಿಟಿ ಅನ್ನುವವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರಿ? ನಾನೂ ಒಬ್ಬ. ರೈಲು ಹಳಿಯ ಈಸ್ಟೋ ವೆಸ್ಟೋ ಕೇಳದೆ ಹತ್ತಿಸಿಕೊಂಡರೆ ಅಂಧೇರಿಯಲ್ಲಿ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ರಿಕ್ಷಾ ಹೋಗುವ ಹಾಗಿಲ್ಲ ಅಂತ ಹೊಸಬರಿಗೆ ಬಿಡಿಸಿ ಹೇಳಬೇಕು. ಪ್ರೀಮಿಯರ್ ಪದ್ಮಿನಿ ಅನ್ನುವ ಹಳೇ ಕಾರಿನ ಟ್ಯಾಕ್ಸಿ ಓಡಿಸಿದವರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್‌ಗೆ ಅದರ ಆಯಸ್ಸು ಮುಗಿಯಿತು. ಈಗ ದಾರಿಯ ಜ್ಞಾನವನ್ನೆಲ್ಲ ಮ್ಯಾಪಿಗೆ ಒಪ್ಪಿಸಿದ್ದೇವೆ. ಮ್ಯಾಪು ಫ್ಲೈಓವರ್ ಮೇಲೆ ಹೋಗಬೇಕೋ ಕೆಳಗೋ ಅಂತ ತಡವರಿಸುವುದನ್ನು ನೀವೂ ನೋಡಿದ್ದೀರಿ.

ಇನ್ನು ಮರಾಠಿ. ಇದನ್ನು ಮುಂಬೈಯ ಕನ್ನಡಿಗರು ಸ್ವಲ್ಪ ಎಚ್ಚರದಿಂದಲೇ ಮಾತಾಡಬೇಕು. ಹೊಸ ರಿಕ್ಷಾ ಪರ್ಮಿಟ್ ಬೇಕಾದರೆ ಮರಾಠಿ ಬರಲೇಬೇಕು ಅಂತ 2015-16ರಲ್ಲಿ ಮಹಾರಾಷ್ಟ್ರ ಸರಕಾರ ಹೊರಟಿತು. ರಿಕ್ಷಾದವರು ಕೋರ್ಟಿಗೆ ಹೋದರು. 2017ರಲ್ಲಿ ಬಾಂಬೆ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಲಂಡನ್ ಕೋರ್ಟು ಹೌದು ಅಂದಿತು, ನಮ್ಮ ಕೋರ್ಟು ಬೇಡ ಅಂದಿತು.

ಈ ಊರಲ್ಲಿ ಅನ್ನ ಹುಟ್ಟಿಸಿಕೊಳ್ಳುವವರು ಮರಾಠಿ ಕಲಿಯಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ಹಿರಿಯರು ಕಲಿತರು, ನಮ್ಮ ಮಕ್ಕಳು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ಆಟೋದವರು "ಕನ್ನಡ ಕಲೀರಿ" ಅಂದಾಗ ಇಲ್ಲಿ ಕೂತು ಚಪ್ಪಾಳೆ ತಟ್ಟುವ ನಾವು, ಇಲ್ಲಿನವರು ಮರಾಠಿ ಕೇಳಿದರೆ ಮುಖ ಸಿಂಡರಿಸಿದರೆ ಅದು ನ್ಯಾಯವಾ? ಆದರೆ ಕಲಿಯಿರಿ ಅನ್ನುವುದು ಬೇರೆ, ಕಲಿಯದಿದ್ದರೆ ಹೊಟ್ಟೆಗೆ ಹೊಡೆಯುತ್ತೇವೆ ಅನ್ನುವುದು ಬೇರೆ. ಪರೀಕ್ಷೆ ಅಂದ ಕೂಡಲೇ ಆರ್‌ಟಿಓ ಹೊರಗೆ ಏಜೆಂಟರ ಅಂಗಡಿ ತೆರೆಯುತ್ತದೆ ಅನ್ನುವುದೂ ನಿಮಗೆ ಗೊತ್ತು. ಭಾಷೆ ಕಲಿಯುವುದು ಹಿಂದೆ ಬೀಳುತ್ತದೆ, ಸರ್ಟಿಫಿಕೇಟಿಗೆ ರೇಟು ಕಟ್ಟುತ್ತಾರೆ.

ನಮ್ಮವರು ಇದನ್ನು ಬೇರೆ ರೀತಿಯಲ್ಲಿ ಮಾಡಿ ತೋರಿಸಿದ್ದಾರೆ. ಫೋರ್ಟ್ ಕಡೆ ಕನ್ನಡಿಗರ ಸಂಘಗಳು ರಾತ್ರಿಶಾಲೆ ನಡೆಸಿದವು. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ಸಂಜೆ ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಇಂಗ್ಲಿಷ್, ಗಣಿತ, ಕನ್ನಡ ಎಲ್ಲ ಅಲ್ಲೇ. ತೂಕಡಿಸಿದವನ ಬೆನ್ನಿಗೆ ಮೇಷ್ಟರು ತಟ್ಟುತ್ತಿದ್ದರು. ಹಾಗೆ ಓದಿ ಎಸ್‌ಎಸ್‌ಸಿ ಮುಗಿಸಿ ಬ್ಯಾಂಕ್ ಸೇರಿದವರು, ವಕೀಲರಾದವರು, ಸ್ವಂತ ಹೋಟೆಲ್ ಹಾಕಿದವರು ನಮ್ಮ ನಡುವೆಯೇ ಇದ್ದಾರೆ. ಹೋಟೆಲ್ ಕೆಲಸಕ್ಕೆ ಸೇರುವ ಮುಂಚೆ ಯಾರೂ ಅವರಿಗೆ ಇಂಗ್ಲಿಷ್ ಪರೀಕ್ಷೆ ಇಡಲಿಲ್ಲ. ಇಟ್ಟಿದ್ದರೆ, ದೋಸೆ ಹುಯ್ಯುವವನಿಗೆ ಮೆನು ಕಾರ್ಡಿನ ಸ್ಪೆಲಿಂಗ್ ಕೇಳಿದ ಹಾಗೆ ಆಗುತ್ತಿತ್ತು.

ನಾನು ಹೇಳಬೇಕು ಅಂತ ಬಂದ ವಿಷಯ ಈಗ ಬಂತು. ಚಾಲಕನಿಗೆ ಇಂಗ್ಲಿಷ್ ಬಾರದೆ ತೊಂದರೆ ಆಗುವುದು ಪ್ರಯಾಣಿಕನ ಜೊತೆ ಅಲ್ಲ, ಕಾಗದದ ಜೊತೆ.

ಲೆಕ್ಕ ಹಾಕಿ. ಕಾರಿನ ಸಾಲದ ಕರಾರು ಇಂಗ್ಲಿಷ್. ಇನ್ಶೂರೆನ್ಸ್ ಪಾಲಿಸಿ ಇಂಗ್ಲಿಷ್, ಅದರಲ್ಲೂ ಇರುವೆ ಸಾಲಿನಂಥ ಅಕ್ಷರ. ಡ್ರೈವರ್ ಆ್ಯಪಿನ ಗುಂಡಿಗಳು ಹಿಂದಿಯಲ್ಲೋ ಮರಾಠಿಯಲ್ಲೋ ಸಿಗಬಹುದು. ಆದರೆ ಮೊದಲ ದಿನ "ಒಪ್ಪಿದ್ದೇನೆ" ಅಂತ ಒತ್ತಿಸಿಕೊಳ್ಳುವ ಷರತ್ತುಗಳ ಉದ್ದನೆಯ ಪುಟ? ಒತ್ತದಿದ್ದರೆ ಕೆಲಸ ಶುರುವಾಗುವುದಿಲ್ಲ, ಒತ್ತಿದವರಲ್ಲಿ ಓದಿದವರು ಎಷ್ಟು? ಇಂಗ್ಲಿಷ್ ಎಂ.ಎ. ಮಾಡಿದ ನಾವೇ ಓದುವುದಿಲ್ಲ ಬಿಡಿ. ನಮಗೂ ಅವರಿಗೂ ವ್ಯತ್ಯಾಸ ಏನೆಂದರೆ, ನಮ್ಮ ಆ್ಯಪ್ ಬಂದ್ ಆದರೆ ಇನ್ನೊಂದು ಹಾಕಿಕೊಳ್ಳುತ್ತೇವೆ. ಅವರ ಐಡಿ ಬಂದ್ ಆದರೆ ಆ ತಿಂಗಳ ಕಾರಿನ ಕಂತು ನಿಲ್ಲುತ್ತದೆ.

ನನಗೆ ಪರಿಚಯದ ಚಾಲಕರೊಬ್ಬರಿದ್ದಾರೆ, ಕಲಬುರಗಿ ಕಡೆಯವರು, ಧಾರಾವಿಯಲ್ಲಿ ಮನೆ. ಕನ್ನಡ, ಉರ್ದು, ಹಿಂದಿ, ಮರಾಠಿ ನಾಲ್ಕೂ ನೀರಿನ ಹಾಗೆ ಮಾತಾಡುತ್ತಾರೆ. ಒಂದು ದಿನ ಫೋನ್ ತಂದು ಮುಂದೆ ಹಿಡಿದರು. ಅವರ ಐಡಿ ಬಂದ್ ಆಗಿತ್ತು. ಕಂಪನಿಯಿಂದ ಮೂರು ಸಾಲಿನ ಇಂಗ್ಲಿಷ್ ಮೆಸೇಜು. ಓದಿದೆ. ಯಾರೋ ದೂರು ಕೊಟ್ಟಿದ್ದಾರೆ, ನಿಯಮದ ಪ್ರಕಾರ ಕ್ರಮ ಕೈಗೊಂಡಿದ್ದೇವೆ ಅಂತ ಇತ್ತು. ಯಾವ ದೂರು, ಯಾವ ದಿನ, ಯಾವ ಸವಾರಿ? ಒಂದೂ ಇಲ್ಲ. ನಾನು ಇಂಗ್ಲಿಷ್ ಓದಬಲ್ಲೆ, ಆದರೂ ನನಗೂ ಅವರಷ್ಟೇ ಗೊತ್ತಾಯಿತು. ಅಂದರೆ ಏನೂ ಇಲ್ಲ. ಅವರು ಬಿ1 ಪಾಸಾಗಿದ್ದರೂ ಅಷ್ಟೇ. ಉತ್ತರ ಬರೆಯೋಣ ಅಂದರೆ ಅದೂ ಇಂಗ್ಲಿಷಿನಲ್ಲೇ ಹೋಗಬೇಕಿತ್ತು. ಕೂತು ಬರೆದೆವು. ವಾರದ ಮೇಲೆ ಐಡಿ ಚಾಲೂ ಆಯಿತು, ಕಾರಣ ಮಾತ್ರ ಇವತ್ತಿಗೂ ತಿಳಿದಿಲ್ಲ.

ಲಂಡನ್ನಿನಲ್ಲಿ ಓದು-ಬರಹ ಯಾಕೆ ಬೇಕು ಅಂತ ಕೇಳಿದಾಗ ಕೊಟ್ಟ ಕಾರಣಗಳಲ್ಲೂ ಕಾಗದ ಇತ್ತು. ಚಾಲಕ ನಿಯಮಗಳನ್ನು, ಸೂಚನೆಗಳನ್ನು ಓದಿಕೊಳ್ಳಬೇಕು ಅಂತ. ಲಂಡನ್ನಿನಲ್ಲಿ ಅದು ಊರಿನ ಭಾಷೆ, ಹಾಗಾಗಿ ವಾದಕ್ಕೆ ಒಂದು ತೂಕ ಇದೆ. ಇಲ್ಲಿ ಇಂಗ್ಲಿಷ್ ಚಾಲಕನ ಭಾಷೆಯೂ ಅಲ್ಲ, ಬಹುಪಾಲು ಪ್ರಯಾಣಿಕರ ಭಾಷೆಯೂ ಅಲ್ಲ. ಕಂಪನಿಯ, ಬ್ಯಾಂಕಿನ ಅನುಕೂಲಕ್ಕೆ ಇರುವ ಭಾಷೆ. ಅವರ ಅನುಕೂಲಕ್ಕೆ ಚಾಲಕ ಪರೀಕ್ಷೆ ಬರೆಯಬೇಕಾ? ಕಾಗದ ಬರೆದವರೇ ಅದನ್ನು ಓದುವವರ ಭಾಷೆಯಲ್ಲಿ ಕೊಡಲಿ.

ಸರಕಾರಕ್ಕೂ ಇದು ಅರ್ಥವಾಗದ ವಿಷಯವಲ್ಲ. ಮೊದಲು ಸಾರಿಗೆ ವಾಹನ ಓಡಿಸಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತ ಕೇಂದ್ರದ ನಿಯಮ ಇತ್ತು. 2019ರಲ್ಲಿ ಅದನ್ನು ತೆಗೆದರು. ಓದು ಕಮ್ಮಿ ಇದ್ದರೂ ಕೈಯಲ್ಲಿ ಕಸುಬಿದ್ದವರಿಗೆ ಕೆಲಸ ಸಿಗಲಿ, ಬದಲಿಗೆ ತರಬೇತಿ ಬಿಗಿಯಾಗಿರಲಿ ಅಂದರು. ಆ್ಯಪ್ ಟ್ಯಾಕ್ಸಿಗಳಿಗೆ 2020ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಹೊಸ ಚಾಲಕರಿಗೆ 5 ದಿನ, 30 ಗಂಟೆಯ ತರಬೇತಿ ಇರಬೇಕು ಅಂತ ಇತ್ತು. ಅಂಥ ತರಬೇತಿಯಲ್ಲಿ ಒಂದು ದಿನ ಮಾತಿಗೆ ಕೊಡಿ. ಮರಾಠಿಯ ಐವತ್ತು ವಾಕ್ಯ, ಆಪತ್ತಿನಲ್ಲಿ ಕೇಳುವ ಹತ್ತು ಪ್ರಶ್ನೆ, ಏರ್‌ಪೋರ್ಟಿಗೆ ಹೋಗುವವರಿಗೆ ಒಂದಿಷ್ಟು ಇಂಗ್ಲಿಷ್. ಕಲಿಸಿ, ಎದುರು ಕೂರಿಸಿ ಮಾತಾಡಿಸಿ ನೋಡಿ. ಬಾರದಿದ್ದರೆ ಇನ್ನೊಂದು ದಿನ ಕಲಿಸಿ. ಆ ಎರಡು ದಿನದ ಗಳಿಕೆ ಹೋಗುತ್ತದಲ್ಲ, ಅದನ್ನು ಕಂಪನಿ ತುಂಬಿಕೊಡಲಿ. ಚಾಲಕರ ದುಡಿಮೆಯಿಂದಲೇ ಗಳಿಸುವವರಿಗೆ ಇದು ಭಾರವಲ್ಲ.

ನಮ್ಮ ಸಂಘಗಳೂ ಸುಮ್ಮನಿರಬೇಕಿಲ್ಲ. ಯಕ್ಷಗಾನಕ್ಕೆ, ಸನ್ಮಾನಕ್ಕೆ ಹಾಲ್ ತೆರೆಯುತ್ತೇವೆ. ತಿಂಗಳಿಗೊಂದು ಭಾನುವಾರ ಚಾಲಕರ ಕಾಗದ ಓದಿಕೊಡುವುದಕ್ಕೂ ತೆರೆಯೋಣ. ನಿವೃತ್ತ ಬ್ಯಾಂಕಿನವರು, ವಕೀಲರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ, ಅವರಲ್ಲಿ ಕೆಲವರು ಅದೇ ರಾತ್ರಿಶಾಲೆಯ ಬೆಂಚಿನವರು.

ಚಾಲಕರೂ ಕೆಲವರು ಬಂದಿದ್ದೀರಿ ಅಂತ ಅಧ್ಯಕ್ಷರು ಹೇಳಿದರು. ಚರ್ಚೆಗೆ ಅರ್ಧ ಗಂಟೆ ಇದೆ. ನಿಮ್ಮ ಫೋನಿನಲ್ಲಿ ಅರ್ಥವಾಗದೆ ಉಳಿದ ಮೆಸೇಜು, ಜೇಬಿನಲ್ಲಿ ಸಾಲದ ಕಾಗದ ಇದ್ದರೆ ಮುಂದೆ ತನ್ನಿ. ಅದನ್ನು ಓದುವುದರಿಂದಲೇ ಚರ್ಚೆ ಶುರು ಮಾಡೋಣ.