ಬೆನ್ನಿಗೆ ಗಾಳಿ, ಎದುರಿಗೆ ಕಡಲು: ಮರಳುನಾಡಿನ ದಂಡೆಗೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮೈಸೂರು ಕಡೆಯ ಹಿನ್ನೀರಿನಲ್ಲೋ ಯಾವುದಾದರೂ ದೊಡ್ಡ ಕೆರೆಯಲ್ಲೋ ವಿಂಡ್‌ಸರ್ಫಿಂಗ್ ಕಲಿತು, ಈಗ ಸಮುದ್ರಕ್ಕೆ ಹೊರಡಬೇಕೆಂದು ತುದಿಗಾಲಿನಲ್ಲಿ ನಿಂತಿರುವ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರಿಗಾಗಿ ಇಂದು ಮಾತನಾಡುತ್ತಿದ್ದೇನೆ. ಅವರನ್ನು ಕಳುಹಿಸಲು ಅಳುಕುತ್ತಿರುವ ತಂದೆತಾಯಂದಿರೂ ಕೇಳಲಿ. ಈ ಆಟವನ್ನು ನೋಡದವರಿಗಾಗಿ ಎರಡು ಮಾತು: ಒಂದು ಉದ್ದನೆಯ ಹಲಗೆ, ಅದರ ಮೇಲೆ ಎಲ್ಲ ದಿಕ್ಕಿಗೂ ಬಾಗುವ ಕೀಲು, ಆ ಕೀಲಿಗೆ ಸಿಕ್ಕಿಸಿದ ಹಾಯಿಕಂಬ. ಚುಕ್ಕಾಣಿ ಇಲ್ಲ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ತಿರುಗುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿಯತ್ತ ತಿರುಗುತ್ತದೆ. 1984ರಿಂದ ಒಲಿಂಪಿಕ್ಸ್‌ನಲ್ಲಿರುವ ಕ್ರೀಡೆ ಇದು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಈಬಾದ್ ಅಲಿ ಇದರಲ್ಲಿ ಕಂಚು ಗೆದ್ದರು. ಆ ಪದಕ ಇನ್ನಷ್ಟು ಮನೆಗಳಲ್ಲಿ ಮಾತಾಗಬೇಕಿತ್ತು ಎಂಬುದು ನನ್ನ ಕೊರಗು.

ಪ್ರವಾಸಕ್ಕೆ ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ನಾನು ಸೂಚಿಸುವ ಜಾಗ ಮಸೀರಾ. ಒಮಾನ್ ದೇಶದ ಅತಿ ದೊಡ್ಡ ದ್ವೀಪ. ಒಂದು ಕಡೆ ಮರಳುಗಾಡಿನ ನಾಡು, ಇನ್ನೊಂದು ಕಡೆ ತೆರೆದ ಅರಬ್ಬಿ ಸಮುದ್ರ. ಹಿಲ್ಫ್ ಎಂಬ ಒಂದೇ ಪೇಟೆ, ಉಳಿದದ್ದು ಬೋಳು ಗುಡ್ಡ, ಮರಳು, ಮೀನುಗಾರರ ಕೇರಿಗಳು ಮತ್ತು ಮೊಟ್ಟೆಯಿಡಲು ಬರುವ ಕಡಲಾಮೆಗಳು. ಸಂಜೆ ಹೊತ್ತು ಕಳೆಯಲು ಅಂಗಡಿ ಬೀದಿ ಬೇಕೆನ್ನುವವರು ಅತ್ತ ಹೋಗಬೇಡಿ. ಗಾಳಿ ಬೇಕೆನ್ನುವವರು ಹೋಗಿ.

ಅಲ್ಲಿ ಬೀಸುವ ಗಾಳಿ ನಿಮಗೆ ಹೊಸದೇನಲ್ಲ. ನಮ್ಮ ಮುಂಗಾರಿನ ಗಾಳಿಯೇ ಅದು. ಬೇಸಿಗೆಯಲ್ಲಿ ಅರೇಬಿಯಾದಿಂದ ಉತ್ತರ ಭಾರತದವರೆಗಿನ ನೆಲ ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆ. ಭೂಮಧ್ಯರೇಖೆಯ ಆಚೆಯ ಗಾಳಿ ಕೀನ್ಯಾದ ಬಳಿ ಉತ್ತರಕ್ಕೆ ದಾಟಿ, ಸೊಮಾಲಿಯಾದ ಪಕ್ಕದಲ್ಲಿ ಬಲಕ್ಕೆ ಹೊರಳಿ, ಒಮಾನಿನ ದಂಡೆಯ ಉದ್ದಕ್ಕೂ ಬೀಸಿ, ಕೊನೆಗೆ ನಮ್ಮ ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಫಿಂಡ್‌ಲೇಟರ್ ಎಂಬ ಹವಾಮಾನ ವಿಜ್ಞಾನಿ 1969ರಲ್ಲಿ ಈ ಗಾಳಿಹೊನಲನ್ನು ವಿವರವಾಗಿ ಗುರುತಿಸಿದರು. ಆಗುಂಬೆಯಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲೇ ಮಸೀರಾದಲ್ಲಿ ಮಳೆಯಿಲ್ಲದ ಗಾಳಿ ಭರ್ಜರಿಯಾಗಿರುತ್ತದೆ. ದಂಡೆಯ ಉದ್ದಕ್ಕೂ ಬೀಸುವ ಆ ಗಾಳಿ ಮೇಲಿನ ನೀರನ್ನು ದೂರ ತಳ್ಳುವುದರಿಂದ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಹಾಗಾಗಿ ಒಳನಾಡಿನ ಮರಳುಗಾಡು ಬೇಯುವಾಗಲೂ ದಂಡೆಯಲ್ಲಿ ಹಿತವಾಗಿರುತ್ತದೆ, ನೀರಿಗಿಳಿಯಲು ಮೈಗೆ ತೆಳುವಾದ ರಬ್ಬರ್ ಉಡುಪೇ ಬೇಕಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹಿಂದಿನ ಕಾಲದಲ್ಲಿ ಮಂಗಳೂರಿನ ಮಂಜಿಗಳೂ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಗಳೂ, ಮಳೆಗಾಲದಲ್ಲಿ ದಡ ಸೇರುತ್ತಿದ್ದವು. ನಮ್ಮವರು ಕಡಲಿಗೆ ಬೆನ್ನು ತಿರುಗಿಸುವ ಆ ತಿಂಗಳುಗಳಲ್ಲೇ ನೀವು ಕಡಲಿಗೆ ಇಳಿಯಲು ಹೊರಟಿದ್ದೀರಿ. ಇದನ್ನು ಮರೆಯದೆ ಮುಂದಿನದನ್ನು ಕೇಳಿ.

ನನ್ನನ್ನು ಭೇಟಿಯಾಗುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಎಷ್ಟು ನಾಟ್ ಗಾಳಿ ಇರುತ್ತದೆ? ನಾಟ್ ಎಂದರೆ ಕಡಲಿನವರು ವೇಗ ಅಳೆಯುವ ಮಾನ. ಮೊಬೈಲ್ ತೆರೆದು, 18 ಎಂದಿದೆ, 22 ಎಂದಿದೆ ಎಂದು ತೋರಿಸುತ್ತಾರೆ. ಸಂಖ್ಯೆ ಆಮೇಲೆ ನೋಡೋಣ. ಗಾಳಿ ಎತ್ತ ಬೀಸುತ್ತದೆ, ಅದನ್ನು ಹೇಳಿ. ಇದನ್ನು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ನಿಯಮ ಬಹಳ ಸರಳ. ದಂಡೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಎದುರಿಗೆ ಕಡಲು ಕಂಡರೆ ನೀರಿಗಿಳಿಯಬೇಡಿ. ಅಷ್ಟೇ. ಬೆನ್ನಿಗೆ ಗಾಳಿ, ಎದುರಿಗೆ ಕಡಲು ಎಂದರೆ ಆ ಗಾಳಿ ನಿಮ್ಮನ್ನು ನೆಲದಿಂದ ಹೊರಕ್ಕೆ ಒಯ್ಯುತ್ತದೆ ಎಂದರ್ಥ. ಎದುರಿಗೆ ನೆಲ ಕಂಡರೆ, ಅಥವಾ ಗಾಳಿ ದಂಡೆಗೆ ಉದ್ದುದ್ದವಾಗಿ ಸಾಗುತ್ತಿದ್ದರೆ, ಆಮೇಲೆ ನಾಟ್‌ಗಳ ಮಾತು.

ಬೆಂಗಳೂರಿನವರಿಗೆ ಇದನ್ನು ಮತ್ತೆ ಮತ್ತೆ ಹೇಳಲು ಕಾರಣವಿದೆ. ನಾವು ಕಲಿಯುವುದು ಕೆರೆಯಲ್ಲಿ, ಹಿನ್ನೀರಿನಲ್ಲಿ. ಹಲಸೂರು ಕೆರೆಯಲ್ಲಿ ಸೇನೆಯವರ ಹಾಯಿದೋಣಿಗಳನ್ನು ನೋಡಿರುತ್ತೀರಿ. ಅಲ್ಲಿ ಗಾಳಿ ಎತ್ತ ಬೀಸಿದರೂ ಯಾವುದೋ ಒಂದು ದಡ ಸಿಗುತ್ತದೆ. ಹಾಯಿ ಹರಿದರೂ, ಕೀಲು ಮುರಿದರೂ, ಕೈ ಸೋತರೂ ಆಚೆ ದಡಕ್ಕೆ ತೇಲಿ, ಹಲಗೆ ಹೊತ್ತು ನಡೆದು ಬರಬಹುದು. ಆ ಅಭ್ಯಾಸ ಮೈಗೆ ಅಂಟಿಕೊಂಡಿರುತ್ತದೆ. ಕಡಲಿಗೆ ಆಚೆ ದಡವಿಲ್ಲ.

ಮಸೀರಾದಲ್ಲೇ ನಡೆದದ್ದನ್ನು ಹೇಳುತ್ತೇನೆ. ಸೆಪ್ಟೆಂಬರ್ ಮಧ್ಯಭಾಗ. ಗಾಳಿಯ ಅಬ್ಬರ ಇಳಿಯತೊಡಗಿ ಅಲ್ಲಿನ ಮೀನುಗಾರರು ಮತ್ತೆ ದೋಣಿ ಇಳಿಸುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ಗೆಳೆಯರ ಗುಂಪೊಂದು ನಾನಿದ್ದ ವಸತಿಯಲ್ಲೇ ಇಳಿದುಕೊಂಡಿತ್ತು. ಅವರಲ್ಲೊಬ್ಬ ಜಯನಗರದ ಹುಡುಗ. ಗಟ್ಟಿ ಈಜುಗಾರ, ಹಿನ್ನೀರಿನಲ್ಲಿ ಚೆನ್ನಾಗಿ ಪಳಗಿದವನು. ದ್ವೀಪದ ಪಶ್ಚಿಮ ದಂಡೆಗೆ ನೈಋತ್ಯದ ಗಾಳಿ ಓರೆಯಾಗಿ ಬಂದು ನೆಲದತ್ತಲೇ ತಳ್ಳುತ್ತದೆ. ಎಲ್ಲರೂ ಆಡುವುದು ಅಲ್ಲಿಯೇ. ಆದರೆ ಅಲ್ಲಿ ನೀರು ಸದಾ ಕುಲುಕುತ್ತಿರುತ್ತದೆ. ಅಂದು ಬೆಳಿಗ್ಗೆ ಆ ಹುಡುಗ ಮತ್ತು ಅವನ ಸ್ನೇಹಿತೆ ಕಾರು ತೆಗೆದುಕೊಂಡು ಪೂರ್ವ ದಂಡೆಗೆ ಹೋದರು. ಅಲ್ಲಿ ಗುಡ್ಡದ ಮರೆಯಲ್ಲಿ ಒಂದು ಚೆಂದದ ಕೊಲ್ಲಿ. ದಡದ ನೀರು ತಟ್ಟೆಯಲ್ಲಿಟ್ಟ ಹಾಲಿನಂತೆ ಅಲುಗದೆ ನಿಂತಿತ್ತಂತೆ. ಇಷ್ಟು ಸಮವಾದ ನೀರು ಬಿಟ್ಟು ಆ ಕುಲುಕಾಟಕ್ಕೇಕೆ ಹೋಗುವುದು ಎಂದು ಅವನಿಗೆ ಅನಿಸಿತು.

ನೀರು ಸಮವಾಗಿದ್ದುದೇಕೆ? ಗಾಳಿ ನೆಲದಿಂದ ಹೊರಟು ಹೊರಕ್ಕೆ ಬೀಸುತ್ತಿತ್ತು. ದಡದ ಪಕ್ಕದಲ್ಲಿ ಅಲೆಯೆಬ್ಬಿಸಲು ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ. ಅರ್ಧ ಕಿಲೋಮೀಟರ್ ಆಚೆ, ಗುಡ್ಡದ ಮರೆ ಮುಗಿಯುವಲ್ಲಿ, ಬಿಳಿ ನೊರೆ ಏಳುತ್ತಿತ್ತು. ಅವನು ಅದನ್ನು ನೋಡಿದ್ದ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಡದಲ್ಲಿ ಗಾಳಿ ಕಡಿಮೆ ಅನಿಸಿ ದೊಡ್ಡ ಹಾಯಿಯನ್ನೇ ಕಟ್ಟಿದ. ಹಾಯಾಗಿ ಹೊರಟ. ಗುಡ್ಡದ ಮರೆ ದಾಟಿದ ಕೂಡಲೇ ಗಾಳಿ ಇಮ್ಮಡಿಸಿತು. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಿದ್ದ. ಎದ್ದ. ಮತ್ತೆ ಬಿದ್ದ. ಪ್ರತಿ ಸಲ ಬಿದ್ದಾಗಲೂ ದಡ ಇನ್ನಷ್ಟು ದೂರ. ತಿರುಗಿ ಬರಲು ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಏರಬೇಕು. ಅಷ್ಟು ದೊಡ್ಡ ಹಾಯಿಯಲ್ಲಿ, ಸೋತ ಕೈಗಳಲ್ಲಿ ಅದು ಆಗದ ಕೆಲಸ.

ದಡದಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಿದ್ದ ಆ ಹುಡುಗಿಗೆ ಹಾಯಿ ಕಾಣುವುದು ನಿಂತುಹೋಯಿತು. ಅವಳು ಗಾಬರಿಯಲ್ಲೂ ಬುದ್ಧಿ ಕಳೆದುಕೊಳ್ಳಲಿಲ್ಲ. ಕಾರು ಓಡಿಸಿಕೊಂಡು ನೇರ ಪಶ್ಚಿಮ ದಂಡೆಗೆ ಬಂದು ನನ್ನನ್ನು ಕರೆದಳು. ನಾವಿಬ್ಬರೂ ಪೂರ್ವ ದಂಡೆಯ ಮೀನುಗಾರರ ಕೇರಿಗೆ ಹೋದೆವು. ಅಲ್ಲಿ ಬಲೆ ಸರಿಪಡಿಸುತ್ತಿದ್ದ ವಯಸ್ಸಾದ ದೋಣಿಯೊಡೆಯ, ಅವನ ಜೊತೆಗೆ ಕೇರಳದಿಂದ ಬಂದಿದ್ದ ಒಬ್ಬ ಕೆಲಸಗಾರ. ನನ್ನ ಮುರುಕು ಮಲಯಾಳದಲ್ಲಿ ವಿಷಯ ತಿಳಿಸಿದೆ. ಆ ಹಿರಿಯರು ಹುಡುಗ ಕೊನೆಗೆ ಎಲ್ಲಿ ಕಂಡ ಎಂದು ಕೇಳಿದರು. ಹುಡುಗಿ ಕೈ ತೋರಿಸಿದಳು. ಹಿರಿಯರು ಬಾಗಿ ಒಂದು ಹಿಡಿ ಮರಳು ತೆಗೆದು ತಲೆಯ ಮಟ್ಟದಿಂದ ಸುರಿಸಿದರು. ಮರಳು ಎತ್ತ ಹಾರಿತೋ ಆ ದಿಕ್ಕನ್ನು ನೋಡಿಕೊಂಡು ದೋಣಿ ಹೊರಡಿಸಿದರು. ಹುಡುಗಿ ತೋರಿಸಿದ ಜಾಗದಲ್ಲಿ ಅವರು ನಿಲ್ಲಲೇ ಇಲ್ಲ. ಅಲ್ಲಿಂದ ಮರಳು ಹಾರಿದ ಗೆರೆಯಲ್ಲಿ ಈಶಾನ್ಯಕ್ಕೆ ಸಾಗಿದರು. ಬಹಳ ದೂರದಲ್ಲಿ, ಹಲಗೆಯ ಮೇಲೆ ಬೋರಲು ಮಲಗಿದ್ದ ಹುಡುಗ ಸಿಕ್ಕ. ಅವನು ಒಂದು ಕೆಲಸ ಸರಿಯಾಗಿ ಮಾಡಿದ್ದ: ಈಜಿ ದಡ ಸೇರುತ್ತೇನೆಂದು ಹಲಗೆ ಬಿಡಲಿಲ್ಲ. ಬಿಟ್ಟಿದ್ದರೆ ಅಷ್ಟು ನೊರೆಯ ನಡುವೆ ಒಂದು ತಲೆ ಕಾಣುತ್ತಿರಲಿಲ್ಲ. ಆ ದಿಕ್ಕಿನಲ್ಲಿ ಪಾಕಿಸ್ತಾನದ ಕರಾವಳಿಯವರೆಗೂ ನೀರೇ. ಜುಲೈ ತಿಂಗಳಾಗಿದ್ದರೆ ಆ ದೋಣಿಯೂ ದಡದ ಮೇಲೆ ಕವುಚಿಕೊಂಡಿರುತ್ತಿತ್ತು.

ಆ ಹಿರಿಯರ ಬಳಿ ಮೊಬೈಲ್ ಮುನ್ಸೂಚನೆ ಇರಲಿಲ್ಲ. ಒಂದು ಹಿಡಿ ಮರಳು ಇತ್ತು. ನೀವೂ ನೀರಿಗಿಳಿಯುವ ಮುನ್ನ ಮರಳು ಹಾರಿಸಿ ನೋಡಿ. ಕಡಲಿನತ್ತ ಹಾರಿದರೆ ಹಾಯಿ ಬಿಚ್ಚಿ ಮಡಚಿಡಿ, ಎಷ್ಟು ಹಣ ಖರ್ಚು ಮಾಡಿ ಬಂದಿದ್ದರೂ ಸರಿ.

ಈ ಘಟನೆ ಹೇಳತೊಡಗಿದರೆ ನನಗೆ ಸಮಯದ ಅರಿವೇ ಇರುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಬೆಂಗಳೂರಿನಿಂದ ಮಸ್ಕತ್‌ಗೆ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗೆ ತಲುಪಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ವೀಸಾವನ್ನು ಆನ್‌ಲೈನ್‌ನಲ್ಲೇ ಮೊದಲು ಮಾಡಿಸಿಕೊಳ್ಳಿ. ಬಾಡಿಗೆ ಕಾರು ಓಡಿಸಲು ನಮ್ಮ ಸಾರಿಗೆ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟ್ಟುಕೊಳ್ಳಿ. ಮಸ್ಕತ್‌ನಿಂದ ಶನ್ನಾ ಬಂದರಿನವರೆಗೆ ರಸ್ತೆ, ಅಲ್ಲಿಂದ ಹಿಲ್ಫ್‌ಗೆ ಕಾರನ್ನೂ ಹೊತ್ತೊಯ್ಯುವ ದೊಡ್ಡ ದೋಣಿ. ದಾರಿಯಲ್ಲಿ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸಿ. ಒಂಟೆಗಳು ರಸ್ತೆಗೆ ಅಡ್ಡ ಬರುವುದರಿಂದ ರಾತ್ರಿ ಪ್ರಯಾಣ ಬೇಡ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಪೇಟೆಯಲ್ಲಿ ಮೈ ಮುಚ್ಚುವ ಬಟ್ಟೆ ತೊಡಿ.

ಹಾಯಿಕಂಬ ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಆದರೂ ಪ್ರತಿ ತುಂಡು ಸುಮಾರು ಎರಡು ಮೀಟರ್. ಅದನ್ನು ಒಯ್ಯುತ್ತೀರೆಂದು ವಿಮಾನ ಸಂಸ್ಥೆಗೆ ಟಿಕೆಟ್ ಕೊಳ್ಳುವ ಮುನ್ನವೇ ತಿಳಿಸಿ. ಕೀಲಿನ ರಬ್ಬರ್ ಬಿಸಿಲಿಗೆ ಸೀಳುತ್ತದೆ, ಹೊಸದೊಂದು ಜೊತೆಗಿರಲಿ. ದಡಕ್ಕೆ ತಾವಾಗಿ ಮರಳಿ ಬರುವುದನ್ನು ಇನ್ನೂ ಕಲಿಯದವರು ಜೂನ್‌ನಿಂದ ಆಗಸ್ಟ್‌ವರೆಗೆ ಆ ಕಡೆ ತಲೆ ಹಾಕಬೇಡಿ.

ಪಾಸ್‌ಪೋರ್ಟ್ ಇಲ್ಲದವರಿಗೆ ಕಚ್‌ನ ಮಾಂಡವಿ ಇದೆ. ಮರದ ಹಡಗು ಕಟ್ಟುವ ಹಳೆಯ ಊರು, ದಂಡೆಯಲ್ಲಿ ಗಾಳಿಯಂತ್ರಗಳು. ಅಲ್ಲಿಯ ದಂಡೆ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ನೈಋತ್ಯದ ಗಾಳಿ ನೆಲದತ್ತಲೇ ತರುತ್ತದೆ. ಇನ್ನು ದೊಡ್ಡ ಕನಸಿನವರಿಗೆ ನಮೀಬಿಯಾದ ಲೂಡೆರಿಟ್ಸ್: ಮರಳುಗಾಡು ಕಡಲಿಗಿಳಿಯುವ ಪುಟ್ಟ ಊರು. ಅಲ್ಲಿ ತೋಡಿದ ಕಾಲುವೆಯಲ್ಲಿ ಫ್ರಾನ್ಸಿನ ಆಂಟ್ವಾನ್ ಅಲ್ಬೋ 2015ರಲ್ಲಿ 53.27 ನಾಟ್, ಅಂದರೆ ಗಂಟೆಗೆ 98 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗಿದರು. ಅಷ್ಟು ಗಾಳಿಯನ್ನೂ ಅವರು ಬಳಸಿಕೊಂಡದ್ದು ಕಾಲುವೆಗೆ ಯಾವ ಕೋನದಲ್ಲಿ ಬೀಸುತ್ತದೆ ಎಂಬುದನ್ನು ನೋಡಿಯೇ.

ತಂದೆತಾಯಂದಿರಿಗೆ ಕೊನೆಯ ಮಾತು. ಮಕ್ಕಳು ಹೊರಡುವಾಗ ಎಷ್ಟು ಹಣ ಬೇಕೆಂದು ಕೇಳುವ ಮೊದಲು ದಂಡೆಯ ನಕ್ಷೆ ತೆಗೆಸಿ, ಗಾಳಿ ಬೀಸುವ ಗೆರೆಯನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಎಳೆಸಿ. ಎಳೆಯಲು ಬಾರದಿದ್ದರೆ ಟಿಕೆಟ್ ಒಂದು ವಾರ ತಡವಾಗಲಿ. ಪ್ರತಿ ದಿನ ಯಾವ ದಂಡೆಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಮರಳುತ್ತೇವೆ ಎಂಬುದನ್ನು ವಸತಿಯವರಿಗೆ ಬರೆದು ಕೊಟ್ಟು ಹೋಗುವಂತೆ ಹೇಳಿ. ನಮಸ್ಕಾರ.